ತೊಳೆದ ಆರು ವಸ್ತುಗಳು

ಆ ಬಿಸ್ಕತ್ತಿನ ಡಬ್ಬಿಯಲ್ಲಿ ಒಟ್ಟು ಹತ್ತು ವಸ್ತುಗಳಿದ್ದವು. ನಾಲ್ಕು ಚಕಮಕಿ ಕಲ್ಲಿನ ಚೂರು, ಗೋಲಿಗಿಂತ ತುಸು ದೊಡ್ಡದಾದ ಎರಡು ಕಲ್ಲಿನ ಗುಂಡು, ಸುತ್ತಿಗೆಯ ಆಕಾರದ ಮೂರು ಪುಟ್ಟ ಪದಕ, ಒಂದು ಮೂಳೆಯ ಕಡ್ಡಿ. ಪದಕಗಳು ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ, ದಾರ ಪೋಣಿಸಲು ಒಂದೊಂದು ತೂತು. ಎಣಿಸಿದವಳು ನಾನು, ಪಟ್ಟಿ ಬರೆದವಳು ನಾನು. ಅವುಗಳಲ್ಲಿ ಆರನ್ನು ಕೆಡಿಸಿದವಳೂ ನಾನೇ.

ಡಬ್ಬಿ ಒಬ್ಬ ಮುದುಕನದು. ಆಕ್ಲೆಂಡಿನ ಆಸ್ಪತ್ರೆಯಲ್ಲಿ ನಾನು ಆಪರೇಷನ್ ಥಿಯೇಟರಿನ ಸಿಸ್ಟರ್ ಆಗಿದ್ದಾಗ ಅವನು ಅಲ್ಲಿ ಟ್ರಾಲಿ ತಳ್ಳುತ್ತಿದ್ದ, ನೆಲ ಒರೆಸುತ್ತಿದ್ದ. ಇಬ್ಬರೂ ಕೆಲವೇ ವರ್ಷಗಳ ಅಂತರದಲ್ಲಿ ನಿವೃತ್ತರಾದೆವು. ಈಗ ಅವನು ಬಾಟನಿ ಡೌನ್ಸ್‌ನ ಒಂದು ವೃದ್ಧಾಶ್ರಮದಲ್ಲಿದ್ದ. ಶ್ವಾಸಕೋಶ ಗಟ್ಟಿಯಾಗುತ್ತಿತ್ತು, ಮೂಗಿನಲ್ಲಿ ಆಕ್ಸಿಜನ್ ನಳಿಕೆ. ನನ್ನ ಮನೆ ಅಲ್ಲಿಂದ ಹದಿನಾಲ್ಕು ನಿಮಿಷದ ನಡಿಗೆ. ಮಂಗಳವಾರ ಮತ್ತು ಶುಕ್ರವಾರ ಸರಿಯಾಗಿ ಹತ್ತು ಗಂಟೆಗೆ ಹೋಗುತ್ತಿದ್ದೆ. ಉಗುರು ಕತ್ತರಿಸುವುದು, ಹಿಮ್ಮಡಿಗೆ ಎಣ್ಣೆ ಹಚ್ಚುವುದು, ನಳಿಕೆ ಕಿವಿಯ ಹಿಂದೆ ಗಾಯ ಮಾಡಿದೆಯೇ ಎಂದು ನೋಡುವುದು. ಅಲ್ಲಿಯ ಹುಡುಗಿಯರಿಗೆ ಅಷ್ಟು ಪುರಸೊತ್ತಿರುವುದಿಲ್ಲ.

"ಸಿಸ್ಟರ್, ಎರಡು ನಿಮಿಷ ಲೇಟು. ದಾರೀಲಿ ಯಾರಾದ್ರೂ ಗಂಡು ಸಿಕ್ಕಿದ್ನಾ?" ಎನ್ನುತ್ತಿದ್ದ.

"ನಿನ್ನ ಗಡಿಯಾರ ಮುಂದಿದೆ. ಕಾಲು ಚಾಚು" ಎನ್ನುತ್ತಿದ್ದೆ.

ಅವನ ತಂದೆ ಐರ್ಲೆಂಡಿನವರು. ಅಲ್ಲಿ ಒಂದು ಗುಡ್ಡವಿದೆಯಂತೆ. ಐದು ಸಾವಿರ ವರ್ಷಗಳ ಹಿಂದೆ ಜನ ಅಲ್ಲಿ ಸೇರಿ ಹಬ್ಬ ಮಾಡುತ್ತಿದ್ದರು, ಕಲ್ಲು ನೆಡುತ್ತಿದ್ದರು, ಸತ್ತವರನ್ನು ಸುಟ್ಟು ಬೂದಿಯನ್ನೂ ಮೂಳೆಯನ್ನೂ ಗುಡ್ಡದೊಳಗಿನ ಕಲ್ಲಿನ ಕೋಣೆಯಲ್ಲಿ ಇಡುತ್ತಿದ್ದರು. ಆ ತಂದೆ ಹರೆಯದಲ್ಲಿದ್ದಾಗ ಯಾರೋ ದೊಡ್ಡವರು ಗುಡ್ಡ ಅಗೆಸಿದರು. ಅಗೆಯುವ ಕೂಲಿಗಳಲ್ಲಿ ಅವರೂ ಒಬ್ಬರು. ಒಳಕೋಣೆಯಲ್ಲಿ, ಸುಟ್ಟ ಮೂಳೆಗಳ ನಡುವೆ, ಕೈಗೆ ಸಿಕ್ಕ ಆರು ವಸ್ತುಗಳನ್ನು ಯಾರೂ ನೋಡದಂತೆ ಜೇಬಿಗೆ ಹಾಕಿಕೊಂಡರು. ನಾಲ್ಕು ಚಕಮಕಿ ಚೂರು ಹೊಲದಲ್ಲಿ ಹೆಕ್ಕಿದವು, ಅವುಗಳ ಲೆಕ್ಕ ಬೇರೆ. ಆಮೇಲೆ ಹಡಗು ಹತ್ತಿ ಇಲ್ಲಿಗೆ ಬಂದರು. ಸಾಯುವ ಮುಂಚೆ ಮಗನಿಗೆ ಹೇಳಿದರು: ಇವು ಸತ್ತವರ ವಸ್ತುಗಳು, ನನ್ನಿಂದ ಆಗಲಿಲ್ಲ, ನೀನು ವಾಪಸ್ ಮುಟ್ಟಿಸು.

ಮಗ ಐವತ್ತು ವರ್ಷ ಸುಮ್ಮನಿದ್ದ. ವೈದ್ಯರು ಇನ್ನು ತಿಂಗಳುಗಳ ಮಾತು ಎಂದ ಮೇಲೆ ಡಬ್ಬಿ ಹೊರಗೆ ತೆಗೆದ. ಐರ್ಲೆಂಡಿನ ಒಂದು ಸಂಗ್ರಹಾಲಯಕ್ಕೆ ಪತ್ರ ಬರೆಸಿದ. ಉತ್ತರ ಸಭ್ಯವಾಗಿತ್ತು. ಮೊದಲು ಪ್ರತಿಯೊಂದರ ಡಿಜಿಟಲ್ ಮಾದರಿ ಕಳಿಸಿ. ನೋಡಿ, ಅವು ಆ ಕೋಣೆಯವೇ ಎಂದು ಖಚಿತವಾದರೆ ಅಲ್ಲಿ ಸಿಕ್ಕ ಮಿಕ್ಕ ವಸ್ತುಗಳ ಜೊತೆ, ಆ ಗುಡ್ಡದ ಹೆಸರಿನಲ್ಲಿ ಸೇರಿಸುತ್ತೇವೆ. ಖಚಿತವಾಗದಿದ್ದರೂ ತೆಗೆದುಕೊಳ್ಳುತ್ತೇವೆ, ಆದರೆ ಎಲ್ಲಿಯವೆಂದು ತಿಳಿಯದ ವಸ್ತುಗಳ ಕಪಾಟಿನಲ್ಲಿ ಇಡಬೇಕಾಗುತ್ತದೆ.

ಅವನಿಗೆ ಬೇಕಾಗಿದ್ದದ್ದು ಒಂದೇ. ಅವು ಯಾರ ಜೊತೆಗಿದ್ದವೋ ಅವರ ಜೊತೆಗೇ ಸೇರಬೇಕು. "ಕಪಾಟಿನಲ್ಲಿ ಇಡೋದಾದ್ರೆ ಇಲ್ಲೇ ನನ್ನ ಮಂಚದ ಕೆಳಗೆ ಇದೆಯಲ್ಲ, ಸಿಸ್ಟರ್. ಅದಕ್ಕೆ ಇಷ್ಟು ದೂರ ಯಾಕೆ ಕಳಿಸಬೇಕು?"

ಮಾದರಿ ಮಾಡುವವಳನ್ನು ಹುಡುಕಿಕೊಟ್ಟವಳು ನಾನು. ಅವಳ ತಾಯಿ ನನ್ನ ಜೊತೆ ನರ್ಸ್ ಆಗಿದ್ದಳು, ಹುಬ್ಬಳ್ಳಿಯ ಮುಸಲ್ಮಾನರ ಮನೆಯವಳು. ಇಬ್ಬರ ಪಾಳಿ ಬೇರೆ ಬೇರೆ ಇದ್ದುದರಿಂದ ಮಗಳು ಶಾಲೆ ಬಿಟ್ಟ ಮೇಲೆ ನನ್ನ ಮನೆಗೆ ಬರುತ್ತಿದ್ದಳು. ನಾಲ್ಕಕ್ಕೆ ಹಾಲು, ನಾಲ್ಕೂಕಾಲಿಗೆ ಹೋಮ್‌ವರ್ಕ್, ಐದೂವರೆಗೆ ಆಟ. ನನ್ನ ಗದಗಿನ ಕನ್ನಡ ಅವಳಿಗೆ ಅಲ್ಲಿಯೇ ಅಂಟಿದ್ದು. ಈಗ ಅವಳಿಗೆ ಮೂವತ್ತರ ಹತ್ತಿರ. ವಾರಕ್ಕೆ ನಾಲ್ಕು ದಿನ ಹಲ್ಲಿನ ಲ್ಯಾಬಿನಲ್ಲಿ ಕಂಪ್ಯೂಟರಿನಲ್ಲಿ ದವಡೆಗಳನ್ನು ಮಾಡುತ್ತಾಳೆ. ಉಳಿದ ದಿನ ತಂದೆಯ ಟೈಲ್ಸ್ ಗೋದಾಮಿನ ಒಂದು ಮೂಲೆಯಲ್ಲಿ, ಈಸ್ಟ್ ತಮಾಕಿಯಲ್ಲಿ, ಹಳೆಯ ವಸ್ತುಗಳ ಮಾದರಿ ಮಾಡುತ್ತಾಳೆ.

ಕೆಲಸದ ರೀತಿ ನನಗೆ ಹಿಡಿಸಿತು. ಬಿಳಿ ಬಟ್ಟೆಯ ಸಣ್ಣ ಗುಡಾರ, ಅದರೊಳಗೆ ತಿರುಗುವ ತಟ್ಟೆ, ತಟ್ಟೆಯ ಮೇಲೆ ವಸ್ತು, ಪಕ್ಕದಲ್ಲಿ ಅಳತೆಪಟ್ಟಿ. ತಟ್ಟೆ ಒಂದಿಷ್ಟೇ ತಿರುಗುತ್ತದೆ, ಒಂದು ಫೋಟೊ. ಮತ್ತೆ ತಿರುಗುತ್ತದೆ, ಮತ್ತೊಂದು ಫೋಟೊ. ಒಂದು ಸುತ್ತು ಮುಗಿದ ಮೇಲೆ ಕ್ಯಾಮೆರಾ ಮೇಲಕ್ಕೆ, ಆಮೇಲೆ ವಸ್ತು ಬುಡಮೇಲು. ಒಂದೊಂದಕ್ಕೆ ಇನ್ನೂರು ಫೋಟೊ. ಒಂದು ಫೋಟೊದಲ್ಲಿ ಕಂಡ ಚುಕ್ಕೆಯನ್ನು ಕಂಪ್ಯೂಟರು ಮುಂದಿನದರಲ್ಲಿ ಹುಡುಕುತ್ತದೆ, ಹಾಗೆ ಚುಕ್ಕೆಗೆ ಚುಕ್ಕೆ ಹೊಲಿದು ಇಡೀ ಮೈ ಕಟ್ಟುತ್ತದೆ. ಬುಧವಾರ, ಶನಿವಾರ ನಾನು ಹೋಗುತ್ತಿದ್ದೆ. ವಸ್ತು ಇಡುವುದು, ತೆಗೆಯುವುದು, ಸಂಖ್ಯೆ ಬರೆಯುವುದು ನನ್ನ ಪಾಲು.

ಚಕಮಕಿ ಚೂರುಗಳು ಮೊದಲು ಮುಗಿದವು. ಕೋಣೆಯ ಆರನ್ನು ಅವಳು ಕೊನೆಗೆ ಇಟ್ಟುಕೊಂಡಳು, ಹೊಸ ದೀಪ ಬರಲಿ ಎಂದು.

ಆ ಶನಿವಾರ ನಾನು ಏಳೂವರೆಗೆ ಗೋದಾಮಿನಲ್ಲಿದ್ದೆ. ಅವಳು ಬರುವುದು ಒಂಬತ್ತಕ್ಕೆ. ಕೀಲಿ ನನ್ನ ಹತ್ತಿರ ಇತ್ತು. ಆರನ್ನೂ ಹೊರಗೆ ತೆಗೆದು ಸಾಲಾಗಿ ಇಟ್ಟೆ. ಅವುಗಳ ಸ್ಥಿತಿ ನೋಡಿ ನನಗೆ ಸರಿಬರಲಿಲ್ಲ. ಪದಕಗಳ ನಡುವಿನ ಕೊರೆತದಲ್ಲಿ ಬೂದು ಬಣ್ಣದ ಹೆಕ್ಕಳೆ ಗಟ್ಟಿಯಾಗಿ ಕೂತಿತ್ತು, ತೂತುಗಳು ಮುಚ್ಚಿಹೋಗಿದ್ದವು. ಮೂಳೆ ಕಡ್ಡಿಯ ಗೀರುಗಳಲ್ಲಿ ಕಪ್ಪು ಮತ್ತು ಬಿಳಿ ಪುಡಿ. ಹೀಗಿದ್ದರೆ ಅಲ್ಲಿಯವರಿಗೆ ಕೆತ್ತನೆ ಕಾಣುವುದು ಹೇಗೆ, ಗುರುತು ಹಿಡಿಯುವುದು ಹೇಗೆ? ಮುದುಕನ ಕೆಲಸ ಇಷ್ಟಕ್ಕೇ ನಿಲ್ಲಬಾರದು ಎಂದುಕೊಂಡೆ.

ಮಿಷನ್ ಆಸ್ಪತ್ರೆಯಲ್ಲಿ ನನಗೆ ಹದಿನೆಂಟು ವರ್ಷವಾಗಿದ್ದಾಗ ಕಲಿಸಿದ್ದು ಇದು: ಮೇಜಿನ ಮೇಲೆ ಬರುವ ಪ್ರತಿ ವಸ್ತುವೂ ತೊಳೆದು ಬರಬೇಕು. ಸಂದಿ ಇರುವ ಉಪಕರಣವನ್ನು ಮೊದಲು ನೆನೆಹಾಕಬೇಕು, ಆಮೇಲೆ ಸಂದಿಯ ಉದ್ದಕ್ಕೆ ಬ್ರಷ್ ಆಡಿಸಬೇಕು, ಅಡ್ಡಕ್ಕಲ್ಲ. ನಲವತ್ತೊಂದು ವರ್ಷ ಹಾಗೆಯೇ ಮಾಡಿದೆ. ಆ ದಿನವೂ ಮಾಡಿದೆ. ಉಗುರುಬೆಚ್ಚನೆಯ ನೀರು, ಹೊಸ ಮೆತ್ತನೆಯ ಹಲ್ಲುಜ್ಜುವ ಬ್ರಷ್, ಸೋಪಿಲ್ಲ. ಹೆಕ್ಕಳೆ ಬೇಗನೆ ಬಿಟ್ಟಿತು. ನೀರು ಮೊದಲು ಹಾಲಿನ ಬಣ್ಣಕ್ಕೆ ತಿರುಗಿತು, ಆಮೇಲೆ ತಿಳಿಯಾಯಿತು. ಬ್ರಷ್ಷಿನ ಎಳೆಗಳಲ್ಲಿ ಬಿಳಿಯ ಸಣ್ಣ ಹರಳುಗಳು ಉಳಿದಿದ್ದವು, ನಲ್ಲಿಯ ಕೆಳಗೆ ಹಿಡಿದು ಅವನ್ನೂ ತೊಳೆದೆ. ಸ್ವಚ್ಛ ಟವೆಲಿನ ಮೇಲೆ ಆರನ್ನೂ ಹರವಿದೆ. ಪದಕಗಳು ಕಡುಹಸಿರು ಬಣ್ಣದವು ಎಂದು ಆಗಲೇ ಗೊತ್ತಾದದ್ದು. ನುಣುಪಾಗಿ ಮಿನುಗುತ್ತಿದ್ದವು. ಪುಸ್ತಕದಲ್ಲಿ ಬರೆದೆ: ಆರು ವಸ್ತು, ಸ್ವಚ್ಛ ಮಾಡಿದೆ.

ಹುಡುಗಿ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬಂದಳು. ಕಾಫಿಯ ಲೋಟ ಕೈಯಲ್ಲಿತ್ತು.

"ನೋಡು, ಎಲ್ಲಾ ತಯಾರ್ ಮಾಡಿ ಇಟ್ಟೀನಿ" ಎಂದೆ.

ಅವಳು ಟವೆಲನ್ನು ನೋಡಿದಳು. ಲೋಟವನ್ನು ನಿಧಾನವಾಗಿ ನೆಲದ ಮೇಲೆ ಇಟ್ಟಳು.

"ಆಂಟಿ, ಇವನ್ನ ತೊಳದ್ರಿ?"

"ಹೌದು. ಬರೇ ನೀರು. ಸೋಪು ಮುಟ್ಟಿಸಿಲ್ಲ."

"ನೀರು ಎಲ್ಲೈತಿ?"

"ಎಲ್ಲಿರ್ತೈತಿ? ಸಿಂಕಿನ್ಯಾಗ ಹೋತು."

"ಓ ಮೈ ಗಾಡ್, ಆಂಟಿ." ಅವಳು ಅಲ್ಲಿಯೇ ಟೈಲ್ಸಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. "ಅದ ಪ್ರೂಫ್ ಇತ್ರಿ. ಆ ಬೂದಿ. ಆ ಗುಡ್ಡದಾಗಿನ ಬೂದಿ ಇವಕ್ಕ ಅಂಟಿತ್ತು, ಟೆಸ್ಟ್ ಮಾಡಿ ನೋಡಬಹುದಿತ್ತು. ಕೋಣಿಯೊಳಗ ಇದ್ವು ಅಂತ ಹೇಳಾಕ ಬ್ಯಾರೆ ಏನೂ ಇರ್ಲಿಲ್ಲ. ಲೈಕ್, ನಥಿಂಗ್."

"ನನಗ ಯಾರೂ ಹೇಳ್ಲಿಲ್ಲ."

"ಹೇಳಬೇಕಂತ ನನಗೂ ಅನಸಲಿಲ್ರಿ. ನನ್ನ ಫೀಲ್ಡ್‌ನಾಗ ಯಾರೂ ತೊಳಿಯೂದಿಲ್ಲ. ಯಾರೂ." ಅವಳ ಧ್ವನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವಳ ತಂದೆ ಪಾನಾ ತಂದು ಸಿಂಕಿನ ಕೆಳಗಿನ ಬಾಗುಕೊಳವೆ ಬಿಚ್ಚಿದರು. ಒಳಗೆ ಚಹಾ ಪುಡಿ, ಸಿಮೆಂಟಿನ ಕೆಸರು, ಟೈಲ್ಸ್ ಕೊಯ್ದ ಬಿಳಿ ಹುಡಿ. ಎಲ್ಲವೂ ಒಂದೇ ಬೂದು ಬಣ್ಣ. ನಾನು ಅದನ್ನು ಬಟ್ಟೆಯಲ್ಲಿ ಸೋಸಿದೆ, ಚಿಮುಟದಿಂದ ಕೆದಕಿದೆ. ಸುಟ್ಟ ಮೂಳೆ ಯಾವುದು, ಟೈಲ್ಸ್ ಯಾವುದು ಎಂದು ಬೇರ್ಪಡಿಸಲಾಗಲಿಲ್ಲ. ಅಷ್ಟನ್ನೂ ಒಂದು ಸೀಸೆಗೆ ತುಂಬಿ ಚೀಟಿ ಅಂಟಿಸಿದೆವು. ಮಧ್ಯಾಹ್ನದ ಹೊತ್ತಿಗೆ ಮೂಳೆ ಕಡ್ಡಿ ಒಣಗುತ್ತ ಉದ್ದಕ್ಕೆ ಕೂದಲೆಳೆಯಷ್ಟು ಬಿರಿಯಿತು. ನೋಡುತ್ತ ನಿಂತಿದ್ದೆ. ಮಾಡುವುದಕ್ಕೆ ಏನೂ ಇರಲಿಲ್ಲ.

"ಅಕ್ಕಾರ, ಒಂದ್ ಮಾತು ಕೇಳ್ರಿ" ಎಂದರು ತಂದೆ, ಪಾನಾ ಒರೆಸುತ್ತ. "ಮ್ಯೂಸಿಯಂಗ ಇಕಿ ಖರೇನ ಬರೀಲಿ. ಅದು ಇಕಿ ಕೆಲಸ. ಆದ್ರ ಆ ಅಜ್ಜಗ ಹೇಳಬ್ಯಾಡ್ರಿ. ಇನ್ನೆಷ್ಟ್ ದಿನ ಅದಾನ ಅವ? ಎಲ್ಲಾ ಸರಿ ಹೋತು ಅಂತ ತಿಳಕೊಂಡು ಹೋಗಲಿ."

ಹುಡುಗಿಯೂ ತಲೆಯಾಡಿಸಿದಳು. "ಡ್ಯಾಡಿ ಹೇಳೂದು ಖರೆ ಐತ್ರಿ ಆಂಟಿ. ವಾಟ್ ಗುಡ್ ವುಡ್ ಇಟ್ ಡೂ?"

ಭಾನುವಾರ, ಸೋಮವಾರ ಅದೇ ಯೋಚನೆ. ಥಿಯೇಟರಿನಲ್ಲಿ ರಕ್ತ ಒರೆಸಿದ ಬಟ್ಟೆಗಳ ಕೊನೆಯ ಎಣಿಕೆಗೆ ಒಂದು ಕಡಿಮೆ ಬಂದರೆ ಅದು ರೋಗಿಯೊಳಗೆ ಉಳಿದಿರಬಹುದು, ಹೊಟ್ಟೆ ಹೊಲಿಯುವ ಮುಂಚೆಯೇ ಗಟ್ಟಿಯಾಗಿ ಹೇಳಬೇಕು. ಸರ್ಜನ್ ಬೈದರೂ ಸರಿ, ತಪ್ಪು ನಿನ್ನದೇ ಆದರೂ ಸರಿ. ಹೊಲಿದ ಮೇಲೆ ಹೇಳಿ ಪ್ರಯೋಜನವಿಲ್ಲ. ನನ್ನ ಇಡೀ ನೌಕರಿಯಲ್ಲಿ ನಾನು ಎರಡು ಸಲ ಹಾಗೆ ಹೇಳಿದ್ದೇನೆ, ಎರಡು ಸಲವೂ ಹೇಳಿದ್ದರಿಂದ ರೋಗಿ ಉಳಿದ. ಆದರೆ ಇಲ್ಲಿ ಹೇಳಿದರೆ ಉಳಿಯುವುದು ಏನೂ ಇರಲಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಂಗಳವಾರ ಹತ್ತಕ್ಕೆ ಹೋದೆ.

ಕೋಟು ಬಿಚ್ಚುವ ಮುಂಚೆಯೇ ಹೇಳಿದೆ. ಏನು ಮಾಡಿದೆ, ಯಾವಾಗ ಮಾಡಿದೆ, ಅದರ ಪರಿಣಾಮವೇನು, ಈ ಕ್ರಮದಲ್ಲಿ. ಮೂರು ನಿಮಿಷ ಹಿಡಿಯಿತು. ಅವನು ಕಿಟಕಿಯ ಕಡೆ ನೋಡುತ್ತಿದ್ದ.

"ಇಪ್ಪತ್ತು ವರ್ಷ ನಿಮ್ಮ ಥಿಯೇಟರಿನ ನೆಲ ಒರೆಸಿದೆ" ಎಂದ ಕೊನೆಗೆ. "ದಿನಾ ಹೇಳ್ತಿದ್ರಿ, ಇನ್ನೊಂದು ಸಲ ಒರೆಸು ಅಂತ. ಡಬ್ಬಿ ನಿಮ್ಮ ಕೈಗೆ ಕೊಡಬಾರದು ಅಂತ ಆಗಲೇ ನನಗೆ ಗೊತ್ತಾಗಬೇಕಿತ್ತು."

ನಾನು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದೆ.

"ಆ ಬೂದಿ ಎಷ್ಟಿತ್ತು?" ಎಂದ.

"ಆರರದ್ದೂ ಸೇರಿ ಒಂದು ಟೀ ಚಮಚದಷ್ಟು. ಅಷ್ಟೂ ಇರಲಿಲ್ಲ."

"ಯಾರದೋ ಅಷ್ಟಾದ್ರೂ ಉಳಿದಿತ್ತು, ಸಿಸ್ಟರ್. ಐದು ಸಾವಿರ ವರ್ಷ ಆದ್ಮೇಲೂ." ಉಸಿರಿಗಾಗಿ ನಿಂತ. "ಅಮ್ಮ ಆ ಡಬ್ಬಿ ಒರೆಸೋಕೆ ಹೋದ್ರೆ ಅಪ್ಪ ಕೈ ಹಿಡೀತಿದ್ದ. ಯಾಕೆ ಅಂತ ಯಾವತ್ತೂ ಹೇಳಲಿಲ್ಲ. ನಾನೂ ಕೇಳಲಿಲ್ಲ."

ಆ ದಿನ ಉಗುರು ಕತ್ತರಿಸಲು ಅವನು ಕಾಲು ಕೊಡಲಿಲ್ಲ.

ಶುಕ್ರವಾರ ಹೋದಾಗ ನಿದ್ದೆ ಮಾಡುವವನಂತೆ ಮಲಗಿದ್ದ. ನಾನು ನಳಿಕೆ ಸರಿಮಾಡಿ, ನೀರಿನ ಲೋಟ ತುಂಬಿಸಿ ಬಂದೆ. ಮುಂದಿನ ಮಂಗಳವಾರವೂ ಹಾಗೆಯೇ. ಹೇಳದೆ ಇದ್ದಿದ್ದರೆ ಅವನು ನನ್ನನ್ನು ಛೇಡಿಸುತ್ತಲೇ ಕೊನೆಯ ದಿನಗಳನ್ನು ಕಳೆಯುತ್ತಿದ್ದ. ಹುಡುಗಿಯ ತಂದೆ ಇವತ್ತಿಗೂ ಅದನ್ನೇ ಹೇಳುತ್ತಾರೆ.

ಅಷ್ಟರಲ್ಲಿ ಹುಡುಗಿ ಆರರ ಫೋಟೊ ತೆಗೆದು ಮುಗಿಸಿದ್ದಳು. ಪದಕಗಳ ಮಾದರಿ ಸರಿಯಾಗಿ ಬರಲಿಲ್ಲ. ನುಣುಪು ಕಲ್ಲು ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಕಂಪ್ಯೂಟರಿಗೆ ಹಿಡಿದುಕೊಳ್ಳಲು ಚುಕ್ಕೆಗಳೇ ಸಿಗದೆ, ಹೊಳಪು ಹೆಚ್ಚಾದ ಕಡೆಯೆಲ್ಲ ಹೊಲಿಗೆ ಬಿಟ್ಟು ತೂತು ಬಿತ್ತು. ಇಂಥದಕ್ಕೆ ಬಿಳಿ ಪುಡಿ ಸಿಂಪಡಿಸುವ ಉಪಾಯ ಒಂದಿದೆಯಂತೆ. "ಇನ್ನ ಇವುಗಳ ಮ್ಯಾಲ ನಾ ಏನೂ ಹಾಕೂದಿಲ್ಲ, ಆಂಟಿ" ಎಂದಳು. ತೂತಿದ್ದಂತೆಯೇ ಕಳಿಸಿದಳು. ತೊಳೆದ ಸಂಗತಿಯನ್ನೂ ಬರೆದಳು. ಸಿಂಕಿನ ಸೀಸೆಯ ವಿಷಯವನ್ನೂ ಬರೆದಳು.

ಮಾದರಿಗಳನ್ನು ತೋರಿಸಿ ಎಂದು ಮುದುಕನೇ ಹೇಳಿ ಕಳಿಸಿದ. ಆ ಶುಕ್ರವಾರ ಹುಡುಗಿಯ ಟ್ಯಾಬ್ಲೆಟ್ ತೆಗೆದುಕೊಂಡು ಹೋದೆ. ಅವನ ಹೊಟ್ಟೆಯ ಮೇಲೆ ದಿಂಬಿಟ್ಟು ಅದರ ಮೇಲೆ ನಿಲ್ಲಿಸಿದೆ. ಬೆರಳು ಜರುಗಿಸಿದರೆ ಪದಕ ತಿರುಗುತ್ತದೆ, ಎರಡು ಬೆರಳು ಅಗಲಿಸಿದರೆ ಹತ್ತಿರ ಬರುತ್ತದೆ. ತಿರುಗಿಸುತ್ತ ತಿರುಗಿಸುತ್ತ ಹೊಲಿಗೆ ಬಿಟ್ಟ ಒಂದು ತೂತಿನ ಕಡೆ ಬಂದ. ದೊಡ್ಡದು ಮಾಡಿದ. ಪರದೆಯ ತುಂಬ ಆ ತೂತೇ ಆಯಿತು, ಅದರಾಚೆ ಪದಕದ ಒಳಗು ಕಾಣಿಸಿತು. ಒಳಗೆ ಏನೂ ಇರಲಿಲ್ಲ. ಮೊಟ್ಟೆಯ ಸಿಪ್ಪೆಯ ಹಾಗೆ ಮೇಲಿನ ಪದರವೊಂದೇ.

"ಪೊಳ್ಳು" ಎಂದ.

"ಮಾದರಿ ಹಾಗೇ ಇರುತ್ತದಂತೆ. ಕ್ಯಾಮೆರಾ ಮೇಲ್ಮೈ ಮಾತ್ರ ನೋಡುತ್ತದೆ."

"ಗೊತ್ತಾಯ್ತು." ಬೆರಳು ತೆಗೆದ. "ನೀವು ಆ ಬೂದಿ ನೋಡಿದ್ರಲ್ಲ, ಸಿಸ್ಟರ್? ಅದನ್ನ ಕೊನೆಗೆ ಹತ್ತಿರದಿಂದ ನೋಡಿದವರು ನೀವೊಬ್ಬರೇ. ನೋಡಿದ್ದನ್ನ ಬರೀರಿ. ಬರೆದು ಅವರಿಗೆ ಕಳಿಸಿ. ಬರೆಯೋದರಲ್ಲಿ ನಿಮ್ಮಷ್ಟು ಖಡಕ್ ಯಾರಿದ್ದಾರೆ?"

ಆ ಮಧ್ಯಾಹ್ನವೇ ಕೂತು ಬರೆದೆ. ಒಂದೊಂದು ವಸ್ತುವಿಗೂ ಒಂದು ಪುಟ. ಹೆಕ್ಕಳೆ ಎಲ್ಲಿತ್ತು, ಎಷ್ಟು ದಪ್ಪವಿತ್ತು, ಬಣ್ಣ ಯಾವುದು, ನೀರಿನಲ್ಲಿ ಎಷ್ಟು ಹೊತ್ತಿಗೆ ಬಿಟ್ಟಿತು. ಬ್ರಷ್ಷಿನಲ್ಲಿ ಉಳಿದ ಹರಳುಗಳು ಬೆರಳಿಗೆ ಸುಣ್ಣದಷ್ಟು ಮೆದುವಾಗಿರಲಿಲ್ಲ, ಮರಳಿನಷ್ಟು ಗಡುಸಾಗಿಯೂ ಇರಲಿಲ್ಲ. ಒಂದೆರಡರಲ್ಲಿ ಸಣ್ಣ ಸಣ್ಣ ರಂಧ್ರಗಳಿದ್ದವು. ಮೂಳೆಯನ್ನು ಗರಗಸದಲ್ಲಿ ಕೊಯ್ಯುವುದನ್ನು ನಾನು ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ನೋಡಿದ್ದೇನೆ, ಆ ರಂಧ್ರಗಳ ಪರಿಚಯ ನನ್ನ ಕಣ್ಣಿಗಿತ್ತು. ನಲ್ಲಿಯ ಕೆಳಗೆ ಹಿಡಿದ ಆ ಕ್ಷಣದಲ್ಲಿ ಕೈ ಮಾತ್ರ ಕೆಲಸ ಮಾಡುತ್ತಿತ್ತು. ಇದನ್ನೂ ಬರೆದೆ. ಕೆಳಗೆ ಸಹಿ ಮಾಡಿದೆ.

ಉತ್ತರ ಎರಡು ವಾರದ ಮೇಲೆ ಬಂತು. ಆಗ ಅವನಿಗೆ ಎದ್ದು ಕೂರಲು ಆಗುತ್ತಿರಲಿಲ್ಲ. ಓದಿ ಎಂದು ಕಣ್ಣಿನಲ್ಲೇ ಹೇಳಿದ. ಪೂರ್ತಿ ಓದಿದೆ. ನನ್ನ ಬರಹಕ್ಕಾಗಿ ಧನ್ಯವಾದ ಹೇಳಿದ್ದರು, ಅದನ್ನು ಕಡತದಲ್ಲಿ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಸೀಸೆಯಲ್ಲಿರುವುದನ್ನು ಪರೀಕ್ಷಿಸಿ ಪ್ರಯೋಜನವಿಲ್ಲ, ಬೇರೆ ಹುಡಿ ಬೆರೆತಿದೆ. ಇಂಥ ಪದಕಗಳೂ ಗುಂಡುಗಳೂ ಹಲವು ಗುಡ್ಡಗಳಲ್ಲಿ ಸಿಕ್ಕಿವೆ, ಆಕಾರ ಒಂದರಿಂದಲೇ ಯಾವ ಗುಡ್ಡದ್ದು ಎನ್ನಲಾಗದು. ಒಬ್ಬರ ನೆನಪಿನ ಆಧಾರದ ಮೇಲೆ ಸತ್ತವರ ವಸ್ತುಗಳ ಜೊತೆ ಸೇರಿಸಲು ನಿಯಮದಲ್ಲಿ ಅವಕಾಶವಿಲ್ಲ. ಸ್ಥಳ ತಿಳಿಯದ ವಸ್ತುಗಳೆಂದು ಸ್ವೀಕರಿಸುತ್ತೇವೆ.

"ಕೊನೆಯ ಸಾಲು ಇನ್ನೊಂದ್ಸಲ" ಎಂದ.

ಓದಿದೆ.

"ಸರಿ" ಎಂದ. "ಆದ್ರೂ ಕಳಿಸಿ. ದೇಶವಾದ್ರೂ ಅದೇ ಆಗುತ್ತೆ."

ಕಾಲಿನ ಕಡೆಯ ಹೊದಿಕೆ ಸರಿಸಿದೆ. ಈ ಸಲ ಬೇಡ ಎನ್ನಲಿಲ್ಲ. ಉಗುರುಗಳು ನೀಲಿಗಟ್ಟಿದ್ದವು. ಹತ್ತನ್ನೂ ಕತ್ತರಿಸಿ, ಹಿಮ್ಮಡಿಗೆ ಎಣ್ಣೆ ಹಚ್ಚಿ, ಹೊದಿಸಿ ಬಂದೆ. ಸೋಮವಾರ ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ವೃದ್ಧಾಶ್ರಮದಿಂದ ಫೋನ್ ಬಂತು. ತೀರಿಕೊಂಡರೆ ತಿಳಿಸಲು ಅವನು ಬರೆದುಕೊಟ್ಟಿದ್ದ ಹೆಸರುಗಳಲ್ಲಿ ಮೊದಲನೆಯದು ನನ್ನದಾಗಿತ್ತು.

ಪೆಟ್ಟಿಗೆಯನ್ನು ನಾನೂ ಹುಡುಗಿಯೂ ಸೇರಿ ಕಟ್ಟಿದೆವು. ಒಂದೊಂದಕ್ಕೂ ಬೇರೆ ಗೂಡು, ಸುತ್ತ ಸ್ಪಂಜು, ಮೇಲೆ ಸಂಖ್ಯೆ. ಬಿರಿದ ಕಡ್ಡಿಯನ್ನು ಅವಳೇ ಸುತ್ತಿದಳು, ನನಗೆ ಕೊಡಲಿಲ್ಲ, ನಾನು ಕೇಳಲಿಲ್ಲ. ಈಸ್ಟ್ ತಮಾಕಿಯ ಕೊರಿಯರ್ ಅಂಗಡಿಯಲ್ಲಿ ಕೌಂಟರಿನ ಹೆಂಗಸು ಫಾರಂ ನೋಡಿ ಒಂದೊಂದೇ ಪ್ರಶ್ನೆ ಕೇಳಿ ಗುರುತು ಹಾಕಿಕೊಳ್ಳುತ್ತ ಹೋದಳು. ಒಡೆಯುವಂಥದ್ದೇ? ಹೌದು. ಬ್ಯಾಟರಿ ಇದೆಯೇ? ಇಲ್ಲ.

"ಮಣ್ಣು, ಬೂದಿ, ಪ್ರಾಣಿಯದ್ದೋ ಮನುಷ್ಯರದ್ದೋ ಅವಶೇಷ, ಏನಾದ್ರೂ ಅಂಟಿಕೊಂಡಿದೆಯಾ?"

ಹುಡುಗಿ ನನ್ನ ಕಡೆ ತಿರುಗಲಿಲ್ಲ. ಫಾರಂ ನನ್ನ ಹೆಸರಿನಲ್ಲಿತ್ತು, ಹೇಳಬೇಕಾದವಳು ನಾನು.

"ಇಲ್ಲ" ಎಂದೆ. "ಎಲ್ಲ ತೊಳೆದಿದೆ."

"ಒಳ್ಳೇದಾಯ್ತು" ಎಂದು ಅವಳು ಗುರುತು ಹಾಕಿ, ಸಹಿಗೆಂದು ಪೆನ್ನು ನನ್ನ ಕಡೆ ತಿರುಗಿಸಿದಳು.